ಅನಿಮೇಷನ್ ಸಿನಿಮಾದ ಎರಡನೇ ಭಾಗ ಕಲಬುರಗಿಯೊಳಗ: ತ್ರೀಡಿಯೋ ಟೂಡಿಯೋ? ಕನ್ನಡದಾಗ ಸಿಗ್ತದೇನು?

ಸೇಡಂ ರೋಡ್
ಎಲ್ಲಾರಿಗೂ ಶರಣ್ರಿ. ಈ ಸೂಟಿಗೆ ಬರೋ ಅನಿಮೇಷನ್ ಸಾಹಸ ಸಿನಿಮಾದ ಎರಡನೇ ಭಾಗಕ್ಕ ಐದು ವರ್ಷದ್ದೊಂದು, ಒಂಬತ್ತು ವರ್ಷದ್ದೊಂದು, ಎರಡು ಮಕ್ಕಳ್ನ ಕರ್ಕೊಂಡು ಹೋಗೋದದ. ತ್ರೀಡಿಯೊಳಗ ಚಿತ್ರ ಕತ್ತಲ ಕತ್ತಲ ಕಾಣ್ತದ ಅಂತಾರ, ಅದು ಟಾಕೀಜಿನ ತಪ್ಪೋ ಚಷ್ಮಾದ ತಪ್ಪೋ? ಯಾವ ಸಾಲಿನ್ಯಾಗ ಕುಂತ್ರ ಛಲೋ? ಮತ್ತ ಮುಖ್ಯ ಪ್ರಶ್ನಿ, ಸಣ್ಣದು ಕನ್ನಡ ಬಿಟ್ಟು ಬ್ಯಾರೆ ತಿಳಿಯಂಗಿಲ್ಲ. ನಮ್ಮ ಕಡಿ ಹಿಂದಿ, ತೆಲುಗು ಶೋನೇ ಹಚ್ಚತಾರ. ಕನ್ನಡದ್ದು ಹಚ್ಚಸಲಾಕ ದಾರಿ ಅದ ಏನು? ತಿಳಿದವರು ಬಿಡಿಸಿ ಹೇಳ್ರಿ.

ತೊಗರಿ ಹೊಲ
ಐದು ವರ್ಷದ ಕೂಸಿಗೆ ಟೂಡಿ. ವಿಚಾರ ಮಾಡೋದೇ ಬ್ಯಾಡ.

ಬೂತ್ ಕಿಟಕಿ
ಹಂಗ ಒಂದೇ ಮಾತಿನ್ಯಾಗ ಮುಗಿಸಬ್ಯಾಡ್ರಿ. ಮೊದಲು ಕತ್ತಲ ಎಲ್ಲಿಂದ ಬರ್ತದ ನೋಡೋಣ.

ಟೂಡಿಗೆ ಪರದೆ ಮ್ಯಾಲ ಬಿಳಿ ಬೆಳಕು 14 ಫುಟ್-ಲ್ಯಾಂಬರ್ಟ್ (ಪರದೆಯ ಬೆಳಕು ಅಳಿಯೋ ಮಾನ) ಇರಬೇಕು ಅಂತ ಅಳತಿ ಅದ. ತ್ರೀಡಿಯೊಳಗ ಚಷ್ಮಾ ದಾಟಿ ಕಣ್ಣಿಗೆ ಮುಟ್ಟೋದು ಮೂರರಿಂದ ನಾಕೂವರಿ. ಯಾಕಂದ್ರ ಒಂದೇ ಪ್ರೊಜೆಕ್ಟರು ಎಡಗಣ್ಣಿಂದು, ಬಲಗಣ್ಣಿಂದು ಪಾಳಿ ಮ್ಯಾಲ ತೋರಿಸ್ತದ. ಸೆಕೆಂಡಿಗೆ 24 ಫ್ರೇಮು, ಕಣ್ಣು ಎರಡು, ಒಂದೊಂದು ಫ್ರೇಮು ಮೂರು ಸಲ, ಒಟ್ಟು 144 ಸಲ. ಒಂದು ಕಣ್ಣು ನೋಡುವಾಗ ಇನ್ನೊಂದಕ್ಕ ಏನೂ ಇಲ್ಲ, ಅಲ್ಲೇ ಅರ್ಧ ಬೆಳಕು ಹೋತು. ಲೆನ್ಸಿನ ಮುಂದ ಕುಂತಿರೋ ಪೋಲರೈಸರು (ಎರಡೂ ಕಣ್ಣಿನ ಬೆಳಕು ಬ್ಯಾರೆ ಬ್ಯಾರೆ ಮಾಡೋ ಗಾಜು) ಉಳಿದಿದ್ದರಾಗ ಮತ್ತ ಅರ್ಧಕ್ಕಿಂತ ಹೆಚ್ಚು ನುಂಗ್ತದ. ಚಷ್ಮಾ ಇನ್ನೊಂದಿಷ್ಟು ತಿಂತದ. ಬೆಳ್ಳಿ ಬಣ್ಣದ ಪರದೆ ಬೆಳಕನ್ನ ಜನರ ಕಡಿಗೇ ಒತ್ತಿ ಕಳಿಸೋದಕ್ಕ ಒಂದಿಷ್ಟು ವಾಪಸ್ ಸಿಗ್ತದ, ಪೂರಾ ಅಲ್ಲ.

ಇಷ್ಟರ ತನಕ ಯಾರದೂ ತಪ್ಪಿಲ್ಲ, ಪದ್ಧತಿನೇ ಹಂಗದ. ಟಾಕೀಜಿನ ತಪ್ಪು ಅಂದ್ರ ಲ್ಯಾಂಪು. ಕ್ಸೆನಾನ್ ಲ್ಯಾಂಪು ತಾಸು ಸವೆದಂಗೆಲ್ಲ ಮಂದ ಆಗ್ತದ. ಬದಲಿ ಮಾಡೋದು ಬಿಟ್ಟು ಹಂಗೇ ಎಳದ್ರ ಟೂಡಿಯೊಳಗ ಯಾರಿಗೂ ತಿಳಿಯಂಗಿಲ್ಲ. ತ್ರೀಡಿಯೊಳಗ ಗವಿ, ಕಾಡು, ರಾತ್ರಿ ದೃಶ್ಯ ಬಂದ ಕೂಡ್ಲೇ ಪಾತ್ರದ ಕಣ್ಣು, ಹಲ್ಲು ಬಿಟ್ಟು ಉಳಿದಿದ್ದೆಲ್ಲಾ ಕರ್ರಗ. ಸಾಹಸ ಸಿನಿಮಾದಾಗ ಗವಿ ಇಲ್ಲದ್ದು ಯಾವುದು ಹೇಳ್ರಿ!

ಬಹಮನಿ ಕೋಟಿ
ಈಗ ಲೇಸರ್ ಪ್ರೊಜೆಕ್ಟರ್ ಬಂದಾವ, ಈ ಗೋಳೇ ಇಲ್ಲ.

ಬೂತ್ ಕಿಟಕಿ
ಅರ್ಧ ಖರೆ. ಲೇಸರು ಲ್ಯಾಂಪಿನಷ್ಟು ಜಲ್ದಿ ಸವಿಯಂಗಿಲ್ಲ, ಮೂಲ ಬೆಳಕೂ ಜಾಸ್ತಿ ಇರ್ಬಹುದು. ಆದ್ರ ಪೋಲರೈಸರು, ಚಷ್ಮಾ ಅದರ ಮುಂದೂ ಇರ್ತಾವಲ್ಲ, ಅವು ತಿನ್ನೋದು ತಪ್ಪಂಗಿಲ್ಲ.

ಟೂಡಿ ಟಿಕೀಟ್ ತಗೊಂಡವರಿಗೂ ಒಂದು ಮಾತು. ಕೆಲವೊಂದು ಕಡಿ ತ್ರೀಡಿ ಶೋ ಮುಗಿದ ಮ್ಯಾಲ ಆ ತ್ರೀಡಿ ಜೋಡಣಿ ತಗಿಯದೇ ಟೂಡಿ ಶೋ ಓಡಸ್ತಾರ. ಸಿನಿಮಾ ಚಾಲೂ ಆದ ಮ್ಯಾಲ ತಿರುಗಿ ಬೂತಿನ ಕಿಟಕಿ ನೋಡ್ರಿ. ಕೆಲವು ಮಷೀನಿನ್ಯಾಗ ತ್ರೀಡಿ ಲೆನ್ಸು ಹಂಗೇ ಉಳದಿದ್ರ ಒಂದರ ಮ್ಯಾಲೊಂದು ಎರಡು ಬೆಳಕಿನ ಚೌಕ ಕಾಣ್ತಾವ. ಕಂಡ್ರ ಎದ್ದು ಹೋಗಿ "ತ್ರೀಡಿ ಲೆನ್ಸ್ ತಗೀರಿ" ಅಂತ ಇಷ್ಟೇ ಅನ್ರಿ. "ಚಿತ್ರ ಸರಿ ಇಲ್ಲ" ಅಂದ್ರ ಬಾಗಿಲ ಹುಡುಗಗ ಏನೂ ತಿಳಿಯಂಗಿಲ್ಲ, ಬೂತಿನವರಿಗೆ ಹೇಳೋದೂ ಇಲ್ಲ.

ಕಾಗಿಣಾ ದಂಡಿ
ಸೀಟಿನ ಲೆಕ್ಕ ನಂದು. ಪರದೆಯ ಅಗಲ ಎಷ್ಟದ ಅದರ ಒಂದೂಕಾಲು ಪಟ್ಟಿನಿಂದ ಒಂದೂವರಿ ಪಟ್ಟು ದೂರ ಕುಂದ್ರಬೇಕು. 40 ಫೂಟಿನ ಪರದೆ ಇದ್ರ 50 ರಿಂದ 60 ಫೂಟು. ಮೊದಲ್ನೇ ಸಾಲು ಪರದೆಯಿಂದ 15 ಫೂಟು, ಸಾಲಿನಿಂದ ಸಾಲಿಗೆ ಪೌಣೆ ನಾಕು ಫೂಟು ಅಂತ ಹಿಡಿದ್ರ 11, 12, 13ನೇ ಸಾಲು ಬರ್ತದ. ಬುಕಿಂಗ್ ಆ್ಯಪಿನ ನಕ್ಷಾದಾಗ "ಪರದೆ ಈ ಕಡೆ" ಅನ್ನೋದು ಮೊದಲು ನೋಡ್ರಿ, ಕೆಲವು ಕಡಿ ಎ ಸಾಲು ಮುಂದ, ಕೆಲವು ಕಡಿ ಎ ಸಾಲು ಕಡೀಕ.

ತ್ರೀಡಿಗೆ ಇನ್ನೊಂದು: ನಟ್ಟನಡುವಿನ ಐದಾರು ಸೀಟು ಬಿಟ್ಟು ದಂಡಿಗೆ ಹೋಗಬ್ಯಾಡ್ರಿ. ಬೆಳ್ಳಿ ಪರದೆ ಬೆಳಕನ್ನ ನಡುವೇ ಒಯ್ದು ಹಾಕ್ತದ. ದಂಡಿ ಸೀಟಿನ್ಯಾಗ ಕುಂತ್ರ ಪರದೆಯ ಒಂದು ಬದಿ ಬೆಳ್ಳಗ, ಆ ಕಡಿ ಬದಿ ಮಸುಕು. ಬಿಳಿ ಪರದೆ ಇದ್ದಲ್ಲಿ ಈ ತೊಂದ್ರಿ ಕಮ್ಮಿ, ಆದ್ರ ಬಿಳಿ ಪರದೆ ಮ್ಯಾಲ ಪೋಲರೈಸ್ಡ್ ತ್ರೀಡಿ ನಡಿಯಂಗಿಲ್ಲ. ಅಲ್ಲಿ ಬ್ಯಾಟರಿ ಇರೋ ಭಾರ ಚಷ್ಮಾನೋ, ಬ್ಯಾರೆ ನಮೂನಿದೋ ಬೇಕಾಗ್ತದ.

ತೊಗರಿ ಹೊಲ
ಲೆಕ್ಕ ಬರೋಬ್ಬರಿ, ಆದ್ರ ಐದು ವರ್ಷದ ಕೂಸಿಗೆ ಮುಂದಿನವರ ತಲಿ ಅಡ್ಡ ಬಂದ್ರ 12ನೇ ಸಾಲು ತಗೊಂಡು ಏನು ಮಾಡೋದು? ಓಡಾಡೋ ದಾರಿಯ ಹಿಂದಿನ ಸಾಲು ಹುಡುಕ್ರಿ, ಮುಂದ ತಲಿನೇ ಇರಂಗಿಲ್ಲ. ಅದು ನಡುವಿನ್ಯಾಗ ಸಿಗಲಿಲ್ಲಂದ್ರ ಕೂಸಿನ ಕೆಳಗ ಹಾಕೋ ಮೆತ್ತಗಿನ ದಿಂಬು ಕೌಂಟರಿನ್ಯಾಗ ಕೇಳ್ರಿ, ಕೆಲವು ಕಡಿ ಇಟ್ಟಿರ್ತಾರ. ಇಲ್ಲಂದ್ರ ಒಂದು ದಪ್ಪನ ಶಾಲು ಮಡಚಿ ಹಾಕ್ರಿ, ನಾಕು ಇಂಚು ಎತ್ತರ ಆದ್ರ ಸಾಕು. ಹಗುರ ಕೂಸು ಕುಂತ್ರ ಮಡಚೋ ಸೀಟು ತಾನೇ ಮ್ಯಾಲ ಎದ್ದು ಕಾಲು ಸಿಗಸ್ತದ, ಶಾಲಿನ ಭಾರಕ್ಕ ಅದೂ ಒಂದೀಟು ತಡೀತದ.

ಚಷ್ಮಾ ಪೆಟ್ಟಿಗಿ
ಮಕ್ಕಳ ಚಷ್ಮಾದ ಬಗ್ಗೆ ಯಾರೂ ಹೇಳಲಿಲ್ಲ. ಟಾಕೀಜಿನ್ಯಾಗ ಕೊಡೋದು ದೊಡ್ಡವರ ಅಳತಿ. ಐದು ವರ್ಷದ ಮೂಗಿನ ಮ್ಯಾಲ ಅದು ನಿಲ್ಲಂಗಿಲ್ಲ, ಕೂಸು ಎರಡು ತಾಸು ಕೈಲೇ ಹಿಡಕೊಂಡು ಕುಂದ್ರಬೇಕು. ಒಂದು ಗೇಣು ಎಲಾಸ್ಟಿಕ್ ಒಯ್ರಿ, ಎರಡೂ ಕಡ್ಡಿಗೆ ಗಂಟು ಹಾಕಿ ತಲಿ ಹಿಂದ ಬರೋ ಹಂಗ ಮಾಡ್ರಿ. ಕಾಟನ್ ದಾರ ಬ್ಯಾಡ, ಕಿವಿ ಹಿಂದ ಕೊರೀತದ.

ಒಳಗ ಹೋಗೂದಕ್ಕಿಂತ ಮೊದಲೇ ಚಷ್ಮಾ ಬೆಳಕಿಗೆ ಹಿಡಿದು ನೋಡ್ರಿ. ಗೀರು, ಬೆರಳಚ್ಚು ಇದ್ರ ಅಲ್ಲೇ ಬದಲಿ ಕೇಳ್ರಿ. ಅಂಗಿ ಚುಂಗಿಲೇ ಒಣಾ ಒರಸಬ್ಯಾಡ್ರಿ, ಧೂಳೇ ಗೀರು ಹಾಕ್ತದ. ಉಫ್ ಅಂತ ಊದಿ, ಆವಿ ಹಿಡಿಸಿ, ಮೆತ್ತಗಿನ ಅರಬಿಲೇ ಒರಸ್ರಿ.

ಚಷ್ಮಾ ಯಾವ ನಮೂನಿದು ಅಂತ ನೋಡಲಾಕ ಕನ್ನಡಿ ಮುಂದ ಹಾಕ್ಕೊಂಡು ಒಂದು ಕಣ್ಣು ಮುಚ್ಚರಿ. ತೆರೆದ ಕಣ್ಣಿನ ಗಾಜು ಕನ್ನಡಿಯೊಳಗ ಕರ್ರಗಾಗಿ, ಮುಚ್ಚಿದ ಕಣ್ಣು ಕಂಡ್ರ ಅದು ವೃತ್ತಾಕಾರ ಪೋಲರೈಸ್ಡ್. ಅದರಾಗ ತಲಿ ವಾಲಿಸಿದ್ರೂ ಎರಡೆರಡು ನೆರಳು ಮೂಡಂಗಿಲ್ಲ. ಆದ್ರೂ ಕೂಸು ಭುಜದ ಮ್ಯಾಲ ತಲಿ ಇಟ್ಟು ನೋಡಿದ್ರ ಕಣ್ಣು ದಣೀತದ, ಎಡ-ಬಲ ಚಿತ್ರದ ಅಂತರ ಅಡ್ಡಡ್ಡ ಇರೋದು, ಕಣ್ಣು ಮಾತ್ರ ಉದ್ದುದ್ದ ಆಗಿರ್ತಾವ.

ಸಣ್ಣ ಮಕ್ಕಳ ಎರಡು ಕಣ್ಣಿನ ನಡುವಿನ ಅಂತರ ದೊಡ್ಡವರಿಗಿಂತ ಕಮ್ಮಿ. ದೊಡ್ಡವರಿಗೆ ಸುಮಾರು 63 ಮಿಲಿಮೀಟರ್ ಇರ್ತದ. ಅದಕ್ಕ ಅದೇ ದೃಶ್ಯ ಮಕ್ಕಳಿಗೆ ಇನ್ನೂ ಆಳ ಅನಿಸ್ತದ, ಜಲ್ದಿ ದಣೀತಾವ. ಐದು ವರ್ಷದ್ದು ಪದೇ ಪದೇ ಚಷ್ಮಾ ತಗಿಯಾಕತ್ತದ ಅಂದ್ರ ಹಟ ಅಂತ ತಿಳಕೋಬ್ಯಾಡ್ರಿ. "ಏನೂ ಹೊರಗ ಬಂದಂಗ ಕಾಣವಲ್ದು" ಅಂತ ಒಂಬತ್ತು ವರ್ಷದ್ದು ಅಂದ್ರ ಮುಂದಿನ ವಾರ ಕಣ್ಣಿನ ಡಾಕ್ಟರಿಗೆ ತೋರಸ್ರಿ. ಒಂದು ಕಣ್ಣು ಮಂದ ಇದ್ರ ಹಿಂಗ ಗೊತ್ತಾಗ್ತದ.

ಗುಲ್ಮೊಹರ್
ಬೆಂಗಳೂರಿನಿಂದ ಒಂದು ಪ್ರಶ್ನೆ. ತ್ರೀಡಿಯಲ್ಲಿ ಕೆಲವು ಸಲ ಹಿಂದಿರುವ ಬೆಟ್ಟ ಮುಂದೆ ಬಂದಂತೆ, ಮುಂದಿರುವ ಪಾತ್ರ ಗೋಡೆಯಲ್ಲಿ ತೂತು ಕೊರೆದು ಕೂತಂತೆ ಕಾಣುತ್ತದಲ್ಲ, ಅದು ಏನು? ತಲೆ ಸಿಡಿಯುತ್ತದೆ.

ಬೂತ್ ಕಿಟಕಿ
ಎಡ-ಬಲ ಅದಲುಬದಲು ಆಗ್ಯದ. ಚಷ್ಮಾ ತಲೆಕೆಳಗ ಹಿಡಿದು ನೋಡ್ರಿ, ಚಿತ್ರ ಸರಿ ಬಂತು ಅಂದ್ರ ತಪ್ಪು ಬೂತಿನ್ಯಾಗೇ ಅದ, ಅನುಮಾನ ಬ್ಯಾಡ. ಅವರಿಗೆ ಅದು ಒಂದು ಸೆಟ್ಟಿಂಗಿನ ಕೆಲಸ, ಸಿನಿಮಾ ಬಂದ್ ಮಾಡೋದೂ ಬೇಕಾಗಂಗಿಲ್ಲ. ಚಷ್ಮಾ ಸರಿ ಇದ್ದೂ ಎರಡೆರಡು ಅಂಚು ಕಂಡ್ರ ಮಾತ್ರ ಅದು ಬ್ಯಾರೆ, ಪರದೆ ಹೊಲಸಾಗಿರ್ತದ ಇಲ್ಲಾ ಪೋಲರೈಸರ್ ಹಾಳಾಗಿರ್ತದ. ಅದು ಆ ಶೋನಾಗ ಸರಿ ಆಗಂಗಿಲ್ಲ. ರೊಕ್ಕ ವಾಪಸ್ ಕೇಳ್ರಿ, ಇಲ್ಲಾ ಟೂಡಿ ಶೋಗೆ ಬದಲಿ ಕೇಳ್ರಿ, ಅದೂ ಮೊದಲ ಹದಿನೈದು ನಿಮಿಷದೊಳಗ.

ಸೇಡಂ ರೋಡ್
ಇಷ್ಟು ವಿವರ ಎಲ್ಲೂ ಸಿಕ್ಕಿದ್ದಿಲ್ಲ. ಭಾಷಾದ ಮಾತು ಉಳೀತು ನೋಡ್ರಿ.

ಬಹಮನಿ ಕೋಟಿ
ಬೀದರದಾಗ ಇನ್ನೂ ಕಷ್ಟ. ಹೈದರಾಬಾದ್ ಹತ್ತರ, ತೆಲುಗು, ಹಿಂದಿ ತಿಳೀತದ ಅಂತ ಅವೇ ಹಚ್ಚತಾರ. ಮೊದಲು ಆ ಸಿನಿಮಾ ಕನ್ನಡಕ್ಕ ಡಬ್ ಆಗ್ಯದೋ ಇಲ್ಲೋ ಖಾತ್ರಿ ಮಾಡ್ಕೋರಿ. ಎಲ್ಲವೂ ಆಗಂಗಿಲ್ಲ. 2023 ರ ಜೂನ್‌ನಾಗ ಬಂದ ಸ್ಪೈಡರ್ ಮ್ಯಾನ್ ಅನಿಮೇಷನ್ನಿನ ಎರಡನೇ ಭಾಗ ನಮ್ಮ ದೇಶದಾಗ 10 ಭಾಷಾದಾಗ ಬಂತು, ಕನ್ನಡವೂ ಇತ್ತು. ಅದಕ್ಕ ಕೇಳಿದ್ರ ಆಗಂಗಿಲ್ಲ ಅನ್ನೋದು ಸುಳ್ಳು.

ಭೀಮಾ ತೀರ
ಡಬ್ಬಿಂಗೇ ಬ್ಯಾಡ ಅನ್ನೋ ಕಾಲ ಇತ್ತು. 2015 ರಾಗ ವ್ಯಾಪಾರದ ಪೈಪೋಟಿ ಮ್ಯಾಲ ಕಣ್ಣಿಡೋ ಸ್ಪರ್ಧಾ ಆಯೋಗ ಡಬ್ಬಿಂಗಿಗೆ ಅಡ್ಡಿ ಮಾಡೋದು ಕಾಯ್ದಾಕ್ಕ ವಿರುದ್ಧ ಅಂತ ಆದೇಶ ಕೊಟ್ಟದ. ಈಗ ಅಡ್ಡಿ ಇರೋದು ಶೋ ಹಚ್ಚೋರ ಮನಸಿನ್ಯಾಗ.

ಗುಲ್ಮೊಹರ್
ಟಿವಿಯಲ್ಲಿ ಭಾಷೆ ಬದಲಿಸಿದ ಹಾಗೆ ಥಿಯೇಟರಿನವರೂ ಆಡಿಯೋ ಬದಲಿಸಿ ಹಾಕಬಹುದಲ್ಲ? ಚಿತ್ರ ಅದೇ ತಾನೇ.

ಬೂತ್ ಕಿಟಕಿ
ಇಲ್ರಿ, ಅದು ಆಗಂಗಿಲ್ಲ, ಯಾಕಂತ ಹೇಳ್ತೀನಿ. ಸಿನಿಮಾ ಬರೋದು ಬೀಗ ಹಾಕಿದ ಫೈಲಾಗಿ. ಚಿತ್ರದ ಮುಖ್ಯ ಪ್ಯಾಕೇಜು ದೊಡ್ಡದು, ನೂರಾರು ಜಿಬಿ ಆಗ್ತದ. ಬ್ಯಾರೆ ಭಾಷಾದ್ದು ಅಂದ್ರ ಅದರ ಮ್ಯಾಲ ಕೂಡಸೋ ಸಣ್ಣ ಪ್ಯಾಕೇಜು. 100 ನಿಮಿಷದ ಸಿನಿಮಾಕ್ಕ ಆರು ಚಾನೆಲ್ಲಿನ ಧ್ವನಿ ಲೆಕ್ಕ ಮಾಡಿದ್ರ ಐದು ಜಿಬಿ ಚಿಲ್ಲರೆ. ಹಾಕ್ಕೋಳ್ಳೋದು ಕಷ್ಟದ್ದಲ್ಲ. ಆದ್ರ ಪ್ರತಿ ಆವೃತ್ತಿಗೂ ಬ್ಯಾರೆ ಕೀ. ಬೂತಿನವರು ಕೆಡಿಎಂ ಅಂತಾರ. ಆ ಕೀ ಆ ಟಾಕೀಜಿನ ಆ ಸರ್ವರಿಗಷ್ಟೇ, ಇಂಥಾ ದಿನ ಇಷ್ಟೊತ್ತಿಂದ ಇಂಥಾ ದಿನ ಇಷ್ಟೊತ್ತಿನ ತನಕ ಅಷ್ಟೇ ನಡೀತದ. ಹಿಂದಿ ಕೀ ಬಂದಿದ್ರ ಹಿಂದಿ ಓಡ್ತದ, ಕನ್ನಡದ ಫೈಲು ಮಷೀನಿನ್ಯಾಗೇ ಇದ್ರೂ ತೆರಿಯಂಗಿಲ್ಲ. ಶುಕ್ರವಾರದ ಮೊದಲ ಶೋ ಅರ್ಧ ತಾಸು ತಡ ಆಯ್ತಂದ್ರ ಭಾಳ ಸಲ ಕೀ ತಡ ಬಂದಿರ್ತದ, ಇಲ್ಲಾ ಸರ್ವರ್ ಬದಲಿ ಮಾಡಿ ಹಳೇ ಸರ್ವರಿನ ಕೀ ಬಂದಿರ್ತದ.

ಅದಕ್ಕ ಶೋ ದಿನ ಕೌಂಟರಿನ್ಯಾಗ ಜಗಳ ಮಾಡಿ ಉಪಯೋಗ ಇಲ್ಲ. ವಾರದ ಶೋ ಪಟ್ಟಿ ಸಾಮಾನ್ಯ ಮಂಗಳವಾರ, ಬುಧವಾರ ಪಕ್ಕಾ ಆಗ್ತದ. ಸೋಮವಾರನೇ ಮ್ಯಾನೇಜರ್‌ಗೆ ಹೋಗಿ ಕೇಳ್ರಿ, ಬಾಯಿಲೇ ಅಲ್ಲ, ಎಷ್ಟು ಸೀಟು ತುಂಬಸ್ತೀರಿ ಅಂತ ಬರಕೊಟ್ಟು. "ಶನಿವಾರ ಮುಂಜಾನಿ 10ರ ಶೋ ಕನ್ನಡದ್ದು ಹಚ್ಚರಿ, 60 ಸೀಟು ನಾವು ತಗೋತೀವಿ" ಅಂದ್ರ ಅವರೇ ವಿತರಕರಿಗೆ ಫೋನ್ ಮಾಡ್ತಾರ. ಮುಂಜಾನಿ ಶೋ ಹೆಂಗೂ ಖಾಲಿ ಇರ್ತದ. ಎರಡು ಓಣಿ ಕೂಡಿದ್ರ, ಇಲ್ಲಾ ಒಂದು ಕನ್ನಡ ಸಾಲಿ ಕೂಡಿದ್ರ 60 ಭಾಳ ಅಲ್ಲ.

ಮಾತಿನ ಮಲ್ಲಿ
ಕನ್ನಡ ಡಬ್ಬಿಂಗ್ ಸರಿ ಇರಂಗಿಲ್ಲ ಅಂತ ಮೂಗು ಮುರಿಯೋರಿಗೆ ಆ ಕೆಲಸ ಎಷ್ಟು ಬಿಗಿ ಅನ್ನೋದು ಗೊತ್ತಿಲ್ಲ. ಇಂಗ್ಲಿಷಿನ್ಯಾಗ "ಇಲ್ಲ" ಅನ್ನೋದು ವಾಕ್ಯದ ಮುಂದೇ ಬಂದುಬಿಡ್ತದ, ಪಾತ್ರ ಅಲ್ಲೇ ತಲಿ ಆಡಸ್ತದ. ಕನ್ನಡದ "ನಾನು ನಿನ್ನನ್ನು ಬಿಟ್ಟು ಹೋಗುವುದಿಲ್ಲ" ಒಳಗ ಇಲ್ಲ ಬರೋದು ಕಡೀಕ. ತಲಿ ಆಡಿ ಮುಗಿದ ಮ್ಯಾಲ ಇಲ್ಲ ಕೇಳಿಸ್ತದ. ಬರೆಯೋರು ಜಾಣರಿದ್ರ "ಇಲ್ಲ, ಬಿಟ್ಟು ಹೋಗಲ್ಲ" ಅಂತ ತಿರುವತಾರ.

ತುಟಿದೂ ಹಂಗೇ. ಪ, ಬ, ಮ ಬಂದಲ್ಲೆಲ್ಲ ತುಟಿ ಮುಚ್ಚಬೇಕು. ಇಂಗ್ಲಿಷ್ ಪಾತ್ರ ಅವ್ವನ್ನ ಕರೆಯುವಾಗ ತುಟಿ ಮುಚ್ಚಿ ಶುರು ಮಾಡ್ತದ. "ಅಮ್ಮಾ" ಅಂದ್ರ ಬಾಯಿ ತೆರೆದು ಶುರು. ಅದಕ್ಕೇ ಡಬ್ಬಿನ್ಯಾಗ "ಮಮ್ಮೀ" ಕೇಳಿಸ್ತದ, ಬೈಯಬ್ಯಾಡ್ರಿ. ಹಾಡಿನ್ಯಾಗಂತೂ ತುಟಿ, ತಾಳ, ಅರ್ಥ ಮೂರೂ ಕೂಡಬೇಕು.

ಭೀಮಾ ತೀರ
ಅದು ಸರಿ ಅಕ್ಕಾ. ಆದ್ರ ಒಂದು ನೋವು ಅದ. ನಾಯಕ ಬೆಂಗಳೂರು ಕನ್ನಡ ಮಾತಾಡ್ತಾನ, ನಗಸೋ ಕತ್ತೆಗೋ ಪೆದ್ದ ರಾಕ್ಷಸಗೋ ನಮ್ಮ ಕಡಿ ಮಾತು ಹಚ್ಚತಾರ. ನಮ್ಮ ಮಕ್ಕಳು ಏನು ಕಲೀಬೇಕು ಇದರಿಂದ? "ಹೋಗ್ಲಾಕತ್ತೀನಿ" ಅಂತ ನಾಯಕಿ ಅಂದ್ರ ಸಾಹಸ ಕಮ್ಮಿ ಆಗ್ತದೇನು?

ಮಾತಿನ ಮಲ್ಲಿ
ಕಮ್ಮಿ ಆಗಂಗಿಲ್ಲ ಅಣ್ಣಾ, ನಿಮ್ಮ ಮಾತು ನೂರಕ್ಕ ನೂರು ಒಪ್ತೀನಿ. ಮತ್ತ ನಮ್ಮ ಮಾತು ಡಬ್ಬಿಗೆ ಛಲೋ ಕೂಡ್ತದ ಕೂಡ. "ನೋಡುತ್ತಿದ್ದೇನೆ" ಐದು ಅಕ್ಷರ, "ನೋಡಾಕತ್ತೀನಿ" ಅಂದ್ರೂ ಐದೇ. ಉದ್ದ ಅಂತ ನೆಪ ಹೇಳಲಾಕ ಬರಂಗಿಲ್ಲ.

ಯಾದಗಿರಿ ಬಂಡಿ
ಒಂದು ಅನುಮಾನ. ಈಗಿನ ಕೆಲವು ಅನಿಮೇಷನ್ನಿನ್ಯಾಗ ಪಾತ್ರ ತಟಕ್ ತಟಕ್ ಅಂತ ಹಾರಿ ಹಾರಿ ನಡೀತಾವ, ಹಿಂದಿನ ಚಿತ್ರದ ಬಣ್ಣ ಅಂಚು ದಾಟಿ ಹೊರಗ ಬಂದಿರ್ತಾವ. ಪ್ರೊಜೆಕ್ಟರ್ ಕೆಟ್ಟದೇನು?

ಮಾತಿನ ಮಲ್ಲಿ
ಕೆಟ್ಟಿಲ್ಲ. ಸೆಕೆಂಡಿಗೆ 24 ಫ್ರೇಮಿನ್ಯಾಗ ಪಾತ್ರದ ಭಂಗಿ 12 ಸಲ ಅಷ್ಟೇ ಬದಲಿ ಮಾಡಿರ್ತಾರ, ಒಂದೊಂದು ಭಂಗಿ ಎರಡು ಫ್ರೇಮು ನಿಲ್ತದ. ಕೈಲೇ ಬರೆದ ಚಿತ್ರದ ಕಾಲದಿಂದ ಇರೋ ಪದ್ಧತಿ, ಈಗ ಬೇಕಂತೇ ಮಾಡ್ತಾರ. ಕ್ಯಾಮೆರಾ ಮಾತ್ರ ನುಣ್ಣಗ ಸರೀತದ, ಅದಕ್ಕ ಎದ್ದು ಕಾಣ್ತದ. ಬಣ್ಣ ಜರಗಿದ್ದೂ ಹಳೇ ಕಾಮಿಕ್ ಪುಸ್ತಕದ ಅಚ್ಚಿನ ನಮೂನಿ. ಪರೀಕ್ಷಾ ಮಾಡೋದು ಹಿಂಗ: ಕೆಳಗ ಬರೋ ಅಕ್ಷರ, ಸಿನಿಮಾದ ಹೆಸರು ನೋಡ್ರಿ. ಅವೂ ಎರಡೆರಡು ಕಂಡ್ರ ಮಷೀನಿನ ತಪ್ಪು, ಅವು ಚೊಕ್ಕ ಇದ್ರ ಸಿನಿಮಾನೇ ಹಂಗದ.

ಕಾಗಿಣಾ ದಂಡಿ
ಸಣ್ಣ ಕೂಸಿಗೆ ಚಿತ್ರಕ್ಕಿಂತ ಸೌಂಡೇ ಹೆದರಿಕಿ. ಅಳತಿ ಪ್ರಕಾರ ಒಂದು ಚಾನೆಲ್ಲಿಗೆ 85 ಡೆಸಿಬೆಲ್ ಸಾಧಾರಣ ಮಟ್ಟ, ಸ್ಫೋಟ ಬಂದ್ರ 105 ರ ತನಕ ಏರಬಹುದು. ಗ್ವಾಡಿ ಹತ್ತರದ ಸೀಟು ಬ್ಯಾಡ, ಕಿವಿ ಪಕ್ಕನೇ ಸ್ಪೀಕರ್. ಜಾಹೀರಾತು, ಟ್ರೈಲರ್ ಹೊತ್ತಿಗೆ ಕೂಸಿನ ಕಿವಿ ಮುಚ್ಚೋ ಹೆಡ್‌ಫೋನಿನಂಥ ಇಯರ್ ಮಫ್ ಹಾಕ್ರಿ, ಸಿನಿಮಾ ಚಾಲೂ ಆದ ಮ್ಯಾಲ ಕೂಸೇ ತಗೀತದ.

ತೊಗರಿ ಹೊಲ
ನಾಕು ಮಂದಿ ಹೋಗಿ ಬಂದ್ರ ಸಾವಿರ ದಾಟ್ತದ, ಇದು ಯಾರೂ ಮಾತಾಡವಲ್ರು. ₹200 ಮಿತಿ ಏನಾತು?

ಬಹಮನಿ ಕೋಟಿ
2025 ರ ಸೆಪ್ಟೆಂಬರ್‌ನಾಗ ಸರ್ಕಾರ ತೆರಿಗಿ ಬಿಟ್ಟು ₹200 ಅಂತ ಮಿತಿ ಹಾಕ್ತು, ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡಿ ಕೊಡ್ತು. ಅದೇ ಸೆಪ್ಟೆಂಬರ್ 22 ರಿಂದ ₹100 ರ ತನಕದ ಟಿಕೀಟಿಗೆ ಜಿಎಸ್‌ಟಿ 12 ರಿಂದ 5 ಕ್ಕ ಇಳೀತು, ಅದರ ಮ್ಯಾಲಿಂದಕ್ಕ 18 ಹಂಗೇ ಅದ. ತ್ರೀಡಿ ಚಷ್ಮಾದ ರೊಕ್ಕ ಬ್ಯಾರೆ ತಗೋತಾರೋ ಟಿಕೀಟಿನ್ಯಾಗೇ ಸೇರ್ಯದೋ ಬುಕ್ ಮಾಡೂದಕ್ಕಿಂತ ಮೊದಲು ನೋಡ್ರಿ. ಕೌಂಟರಿನ್ಯಾಗ ತಗೊಂಡ್ರ ಆ್ಯಪಿನ ಸೇವಾ ಶುಲ್ಕ, ಅದರ ಮ್ಯಾಲಿನ 18, ಎರಡೂ ಉಳೀತದ.

ಯಾದಗಿರಿ ಬಂಡಿ
ಹೊರಗಿನ ತಿನಿಸು ಒಳಗ ಬಿಡಂಗಿಲ್ಲ. 2023 ರ ಜನವರಿಯೊಳಗ ಸುಪ್ರೀಂ ಕೋರ್ಟೇ ಟಾಕೀಜಿನವರಿಗೆ ಆ ಹಕ್ಕದ ಅಂದದ. ಆದ್ರ ಕುಡಿಯೋ ನೀರು ಪುಕ್ಕಟೆ ಕೊಡಬೇಕು, ಹಸುಗೂಸಿನ ಊಟಕ್ಕ ಅಡ್ಡಿ ಮಾಡಬಾರದು. ನೀರಿನ ನಳ ಎಲ್ಲದ ಅಂತ ಕೇಳ್ರಿ, ತೋರಸ್ತಾರ. ಸುಸಲಾ, ಮಿರ್ಚಿ ತಿಂದೇ ಒಳಗ ಹೋಗ್ರಿ.

ಚಷ್ಮಾ ಪೆಟ್ಟಿಗಿ
ಮಿರ್ಚಿ ತಿಂದ ಕೈ ತೊಳೀರಿ ಮತ್ತ! ಎಣ್ಣಿ ಬೆರಳು ಚಷ್ಮಾಕ್ಕ ಹತ್ತಿದ್ರ ದೀಪದ ಸುತ್ತ ಬಣ್ಣದ ಬಳಿ ಕಾಣ್ತದ, ಒರೆಸಿದಷ್ಟೂ ಹರಡ್ತದ.

ಮಾತಿನ ಮಲ್ಲಿ
ಸಿನಿಮಾದ ಸೆನ್ಸಾರ್ ಪ್ರಮಾಣಪತ್ರ ನೋಡ್ರಿ ಸೇಡಂ ರೋಡ್ ಅವ್ರೇ. ಈಗ ಯುಎ ಒಳಗ 7+, 13+, 16+ ಅಂತ ಮೂರು ಭಾಗ ಅವ. ಯುಎ 7+ ಇದ್ರ ಐದು ವರ್ಷದ್ದನ್ನ ಒಳಗ ಬಿಡ್ತಾರ, ತಾಯಿ-ತಂದಿ ವಿಚಾರ ಮಾಡಿ ಕರ್ಕೊಂಡು ಬರ್ರಿ ಅಂತ ಸೂಚನಾ ಅಷ್ಟೇ. ಎರಡನೇ ಭಾಗದಾಗ ಖಳ ಮೊದಲಿನದಕ್ಕಿಂತ ದೊಡ್ಡವ, ಕತ್ತಲ ಜಾಸ್ತಿ, ಅಪ್ಪ-ಅವ್ವನ್ನ ಅಗಲೋ ದೃಶ್ಯ ಬರೋದು ರೂಢಿ. ಹಿಂದಿನ ದಿನ ಮೊದಲ ಭಾಗ ಕನ್ನಡದಾಗೇ ತೋರಸ್ರಿ, ಪಾತ್ರದ ಹೆಸರು ಒಂದೊಂದು ಡಬ್ಬಿನ್ಯಾಗ ಒಂದೊಂದು ನಮೂನಿ ಇದ್ರ ಸಣ್ಣದು ಗೊಂದಲ ಆಗ್ತದ.

ಬೂತ್ ಕಿಟಕಿ
ಇಂಟರ್‌ವಲ್ಲಿಗೂ ತಯಾರಿ ಇಟ್ಕೋರಿ. ಹೊರದೇಶದ ಅನಿಮೇಷನ್ನಿನ್ಯಾಗ ಇಂಟರ್‌ವಲ್ ಬರೆದಿರಂಗಿಲ್ಲ, ಇಲ್ಲಿ ಸುಮಾರು ಅರ್ಧಕ್ಕ ಒಂದು ಕಡಿ ನಿಲ್ಲಿಸ್ತಾರ, ಕೆಲವು ಸಲ ಮಾತಿನ ನಡುವೇ. 100 ನಿಮಿಷದ್ದಿದ್ರ 45 ರಿಂದ 50 ನೇ ನಿಮಿಷ. ಸಣ್ಣದಕ್ಕ ಒಂದಕ್ಕ ಬಂದ್ರ ಅಲ್ಲಿ ತನಕ ತಡೀರಿ ಅನ್ನಬಹುದು. ಕಡೀಕ ಹೆಸರು ಓಡುವಾಗ ಲೈಟ್ ಹಚ್ಚತಾರ, ಬಾಗಿಲು ತೆರೀತಾರ, ಆದ್ರ ಹೆಸರಿನ ನಡುವೆ ಇನ್ನೊಂದು ದೃಶ್ಯ ಇರೋದು ಎರಡನೇ ಭಾಗದಾಗ ಮಾಮೂಲು.

ಕರೆಂಟ್ ಹೋದ್ರ ಗಾಬರಿ ಬ್ಯಾಡ. ಯುಪಿಎಸ್ ಮ್ಯಾಲ ಸರ್ವರ್ ಉಳಿದಿದ್ರ ಜನರೇಟರ್ ಬಂದ ಕೂಡ್ಲೇ ಚಾಲೂ. ಸರ್ವರೂ ಆರಿದ್ರ ಅದು ಎದ್ದು, ಲ್ಯಾಂಪ್ ಹತ್ತಿ ಚಿತ್ರ ಬರಲಾಕ ಹತ್ತು ನಿಮಿಷ ಬೇಕು. ಬಂದ ಮ್ಯಾಲ ನಿಂತಲ್ಲಿಂದಲೇ ಚಾಲೂ ಮಾಡ್ಯಾರೋ, ಐದು ನಿಮಿಷ ಬಿಟ್ಟು ಮುಂದ ಹಾರಿಸ್ಯಾರೋ ನೋಡ್ರಿ. ಬಿಟ್ಟಿದ್ರ ಅಲ್ಲೇ ಕೂಗಿ ಹೇಳ್ರಿ, ಹಿಂದಕ ಒಯ್ಯೋದು ಅವರಿಗೆ ಒಂದು ಗುಂಡಿ ಒತ್ತೋ ಕೆಲಸ.

ಸೇಡಂ ರೋಡ್
ಎಲ್ಲಾರಿಗೂ ಶರಣು. ಸಣ್ಣದಕ್ಕಾಗಿ ಟೂಡಿ, ಕನ್ನಡ, ಮುಂಜಾನಿ ಶೋ ಅಂತ ಪಕ್ಕಾ ಮಾಡ್ದೆ. ಓಣಿಯೊಳಗ ಹೆಸರು ಬರಸಲಾಕತ್ತೀನಿ, ಈಗ 34 ಆಗ್ಯಾವ. 60 ಆಗಲಿಲ್ಲಂದ್ರ ಸೋಮವಾರ ಹೋಗಿ ಕೇಳಬಹುದೇನು?

ಬೂತ್ ಕಿಟಕಿ
34 ಇದ್ರೂ ಹೋಗ್ರಿ. ಹೆಸರು, ಸೀಟಿನ ಸಂಖ್ಯೆ, ನಿಮ್ಮ ಫೋನ್ ನಂಬರು ಒಂದು ಹಾಳಿಯೊಳಗ ಬರದು ಒಯ್ರಿ, ಮ್ಯಾನೇಜರ್ ಮಧ್ಯಾಹ್ನದ ಶೋ ಬಿಟ್ಟ ಮ್ಯಾಲ ಖಾಲಿ ಇರ್ತಾರ.

ಭೀಮಾ ತೀರ
ನಮ್ಮವು ಆರು ಬರಕೋರಿ. 40 ಆತು.